ಓವನ್ ಹೊರುವ ಸ್ಟ್ಯಾಂಡಿಗೆ ಯಾರ ಅಳತೆ?

ಹೊಸ ಬೇಕರಿಯನ್ನೋ ಹೋಟೆಲನ್ನೋ ತೆರೆಯುವವರ ಸಾಮಾನು ಪಟ್ಟಿಯಲ್ಲಿ ಓವನ್‌ಗೆ ಮೊದಲ ಸ್ಥಾನ. ಎಷ್ಟು ಟ್ರೇ ಹಿಡಿಯುತ್ತದೆ, ಗ್ಯಾಸಿನದೋ ಕರೆಂಟಿನದೋ, ಕೆಟ್ಟರೆ ಸರ್ವಿಸ್‌ಗೆ ಜನ ಬರುತ್ತಾರೋ ಇಲ್ಲವೋ ಎಂದು ನಾಲ್ಕಾರು ಕಡೆ ವಿಚಾರಿಸಿ, ಲಕ್ಷಗಳ ಲೆಕ್ಕ ಹಾಕಿ ಕೊಳ್ಳುತ್ತಾರೆ. ಪಟ್ಟಿಯ ಕೊನೆಗೆಲ್ಲೋ ‘ಎಸ್‌ಎಸ್ ಸ್ಟ್ಯಾಂಡ್ – 1’ ಎಂದು ಬರೆದಿರುತ್ತದೆ. ಓವನ್ ಬಂದಿಳಿಯುವ ಹಿಂದಿನ ದಿನ ಫ್ಯಾಬ್ರಿಕೇಷನ್ ಶೆಡ್ಡಿನಿಂದ ಫೋನು ಬರುತ್ತದೆ: ‘ಎತ್ತರ ಎಷ್ಟಿಡ್ಲಿ ಸಾರ್?’ ಈ ಕಡೆಯಿಂದ ಬರುವ ಉತ್ತರ: ‘ಮಾಮೂಲಿ ಇಟ್ಬಿಡಿ.’

ಆ ಮಾಮೂಲಿ ಎತ್ತರದ ಮುಂದೆ ಒಬ್ಬ ಕೆಲಸಗಾರ ಮುಂದಿನ ಹತ್ತು ವರ್ಷ ದಿನಕ್ಕೆ ಎಂಟು ಹತ್ತು ಗಂಟೆ ನಿಲ್ಲುತ್ತಾನೆ. ಕಾದ ಟ್ರೇಯನ್ನು ಆ ಎತ್ತರದಿಂದಲೇ ಎಳೆಯುತ್ತಾನೆ. ಅವನ ಸೊಂಟ, ಭುಜ, ಮುಂಗೈಯ ಚರ್ಮಕ್ಕೆ ಸಂಬಂಧಿಸಿದ ತೀರ್ಮಾನವೊಂದು ಆ ಒಂದು ಮಾತಿನಲ್ಲಿ ಮುಗಿದುಹೋಗಿರುತ್ತದೆ. ಓವನ್ ಬೆಲೆಯ ಮುಂದೆ ಸ್ಟ್ಯಾಂಡಿನ ಬೆಲೆ ಅಲ್ಪ, ನಿಜ. ಆದರೆ ಓವನ್ನಿಗೂ ಮನುಷ್ಯನ ಮೈಗೂ ನಡುವೆ ಸಂಧಾನ ಮಾಡುವ ವಸ್ತು ಅದೊಂದೇ. ಅದನ್ನು ಓವನ್ನಿನಷ್ಟೇ ಕಾಳಜಿಯಿಂದ ಮಾಡಿಸಬೇಕು ಎಂಬುದೇ ಈ ಲೇಖನದ ಆಗ್ರಹ.

ಒಲೆಗೆ ಕಾಲು ಬೇಕಾದದ್ದು

ನಮ್ಮ ಹಳೆಯ ಬೇಕರಿಗಳ ಓವನ್‌ಗೆ ಸ್ಟ್ಯಾಂಡೇ ಇರಲಿಲ್ಲ. ಹಾಸನ ಮೂಲದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರೆಂಬುದು ಅಯ್ಯಂಗಾರ್ ಬೇಕರಿಗಳ ಚರಿತ್ರೆಯ ಮೊದಲ ಪುಟ. ಆಮೇಲೆ ಹಾಸನ ಸೀಮೆಯಿಂದ ಬಂದ ಕುಟುಂಬಗಳು ನಾಡಿನ ಊರೂರಲ್ಲೂ ಬೇಕರಿ ಹಾಕಿದವು. ಖಾರಾ ಬನ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ಹನಿ ಕೇಕು ನಮ್ಮ ಸಂಜೆಗಳ ತಿಂಡಿಯಾದವು. ಅವೆಲ್ಲ ಬೆಂದದ್ದು ಇಟ್ಟಿಗೆಯ ಸೌದೆ ಓವನ್ನಿನಲ್ಲಿ. ಆ ಓವನ್ ಕಟ್ಟಡದ್ದೇ ಒಂದು ಭಾಗ. ಒಳಗೆ ಸೌದೆ ಉರಿಸಿ, ಇಟ್ಟಿಗೆ ಕಾದ ಮೇಲೆ ಕೆಂಡ ಬಳಿದು, ಉದ್ದ ಹಿಡಿಯ ಮರದ ಹಲಗೆಯಲ್ಲಿ ಬ್ರೆಡ್ಡಿನ ಅಚ್ಚುಗಳನ್ನು ತಳ್ಳುತ್ತಿದ್ದರು. ಹಿಡಿ ಉದ್ದವಿದ್ದುದರಿಂದ ಮೈ ಬಿಸಿಯಿಂದ ದೂರ ಉಳಿಯುತ್ತಿತ್ತು. ಗಾರೆ ಕೆಲಸದವರು ಓವನ್ನನ್ನು ಅಲ್ಲೇ ಕಟ್ಟುತ್ತಿದ್ದುದರಿಂದ ಬಾಯಿ ಎಷ್ಟು ಎತ್ತರಕ್ಕಿರಬೇಕೆಂದು ಬೇಯಿಸುವವರು ನಿಂತು ತೋರಿಸಬಹುದಿತ್ತು.

ಡೆಕ್ ಓವನ್, ಕನ್ವೆಕ್ಷನ್ ಓವನ್, ಪಿಜ್ಜಾ ಓವನ್‌ಗಳು ಬಂದಾಗ ಒಲೆ ಕಟ್ಟಡದಿಂದ ಬಿಡಿಸಿಕೊಂಡಿತು. ಅದು ಲಾರಿಯಲ್ಲಿ ಬರುವ ಪೆಟ್ಟಿಗೆಯಾಯಿತು. ಜರ್ಮನಿಯ ರಾಷನಲ್ ಕಂಪನಿ 1976ರಲ್ಲಿ ಬಿಸಿಗಾಳಿ ಮತ್ತು ಹಬೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಕಾಂಬಿ ಓವನ್ ತಂದಿತು. ಇಂದು ದೊಡ್ಡ ಹೋಟೆಲು, ಆಸ್ಪತ್ರೆ, ಕ್ಯಾಂಟೀನುಗಳ ಅಡುಗೆಮನೆಯಲ್ಲಿ ಅದರ ಸಂತತಿಯನ್ನು ಕಾಣಬಹುದು. ಇಂಥ ಪೆಟ್ಟಿಗೆಗೆ ಅಡಿಪಾಯವಿಲ್ಲ, ಕಾಲು ಬೇಕು. ಮೊದಲಿಗೆ ಆ ಕಾಲನ್ನು ಕಬ್ಬಿಣದ ಆಂಗಲ್‌ನಿಂದ ಮಾಡಿ ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಬಿಸಿಗೆ ಬಣ್ಣ ಪೊರೆ ಬಿಟ್ಟು ಏಳುತ್ತಿತ್ತು, ತೊಳೆದ ನೀರಿಗೆ ಬುಡ ತುಕ್ಕು ಹಿಡಿಯುತ್ತಿತ್ತು, ಆಂಗಲ್‌ನ ಸಂದಿಯಲ್ಲಿ ಹಿಟ್ಟು ಕೂತು ಜಿರಲೆ ಸೇರುತ್ತಿತ್ತು. ಸ್ಟೇನ್‌ಲೆಸ್ ಸ್ಟೀಲು ಆ ಜಾಗಕ್ಕೆ ಬಂದದ್ದು ಹೊಳಪಿಗಾಗಿ ಅಲ್ಲ, ಈ ತೊಂದರೆಗಳಿಗೆ ಉತ್ತರವಾಗಿ.

ತುಕ್ಕು ತಡೆಯುವ ಪೊರೆ

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞರು ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕನ್ನು ಹುಡುಕುತ್ತಿದ್ದರು. ಶೇ 12.8ರಷ್ಟು ಕ್ರೋಮಿಯಂ ಸೇರಿಸಿದ ಉಕ್ಕು ಆಮ್ಲಕ್ಕೆ ಜಗ್ಗದಿರುವುದು ಅವರ ಕಣ್ಣಿಗೆ ಬಿತ್ತು. ಚೂರಿ–ಚಮಚಗಳ ಊರಾದ ಶೆಫೀಲ್ಡ್‌ನಲ್ಲಿ ಅದರ ಉಪಯೋಗ ಏನೆಂದು ಅವರಿಗೆ ಕೂಡಲೇ ಹೊಳೆಯಿತು. ಅದೇ ಹೊತ್ತಿಗೆ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಕ್ರೋಮಿಯಂ ಜತೆ ನಿಕ್ಕಲ್ ಬೆರೆಸಿದ ಉಕ್ಕು ಸಿದ್ಧವಾಗಿತ್ತು. ಇಂದು ಅಡುಗೆಮನೆಗಳಲ್ಲಿ ಹೆಸರಾದ 304 ಗ್ರೇಡು ಆ ಎರಡನೆಯ ವಂಶದ್ದು: ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್.

ಉಕ್ಕಿನಲ್ಲಿ ಕ್ರೋಮಿಯಂ ಶೇ 10.5ನ್ನು ದಾಟಿದರೆ ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯಾಗುತ್ತದೆ. ಗೀರು ಬಿದ್ದರೆ ಗಾಳಿ ತಾಗಿದ ಕ್ಷಣದಲ್ಲೇ ಮತ್ತೆ ಕೂಡಿಕೊಳ್ಳುತ್ತದೆ. ಬಣ್ಣದಂತೆ ಎದ್ದು ಉದುರುವುದಿಲ್ಲ, ತಿಂಡಿಗೆ ಬೀಳುವುದಿಲ್ಲ. ಈ ಕ್ರೋಮಿಯಂ ಬರುವುದು ಕ್ರೋಮೈಟ್ ಅದಿರಿನಿಂದ. ಭಾರತದ ಕ್ರೋಮೈಟ್‌ನ ಬಹುಪಾಲು ಒಡಿಶಾದ ಸುಕಿಂದಾ ಕಣಿವೆಯದು. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯಲ್ಲೂ ಈ ಅದಿರಿದೆ. ಬೈರಾಪುರದಲ್ಲಿ ಮೈಸೂರು ಮಿನರಲ್ಸ್‌ನ ಗಣಿ ಅದನ್ನು ತೆಗೆದದ್ದುಂಟು. ಬೇಕರಿಯವರನ್ನು ನಾಡಿಗೆ ಕೊಟ್ಟ ಜಿಲ್ಲೆಯ ನೆಲದಲ್ಲೇ ಬೇಕರಿಯ ಉಕ್ಕನ್ನು ಕಾಯುವ ಲೋಹವೂ ಇರುವುದು ನನಗೆ ಬಹಳ ಹಿಡಿಸಿದ ಸಂಗತಿ.

ನಿಕ್ಕಲ್‌ನ ಕಥೆ ಬೇರೆ. ನಮ್ಮಲ್ಲಿ ಅದರ ಗಣಿಗಾರಿಕೆ ಇಲ್ಲವೆನ್ನುವಷ್ಟು ಕಡಿಮೆ, ಹೊರಗಿನಿಂದ ತರಿಸಬೇಕು, ಬೆಲೆ ಹೆಚ್ಚು. ಹಾಗಾಗಿ ನಿಕ್ಕಲ್ ಇಳಿಸಿ ಮ್ಯಾಂಗನೀಸ್ ಏರಿಸಿದ 200 ಸರಣಿಯ ಉಕ್ಕು ನಮ್ಮ ಮಾರುಕಟ್ಟೆಯಲ್ಲಿ ಬೇರೂರಿದೆ. 202ರಲ್ಲಿ ನಿಕ್ಕಲ್ ಶೇ 4ರಿಂದ 6. ವ್ಯಾಪಾರದಲ್ಲಿ ಜೆ-4 ಎಂದು ಕರೆಯುವುದರಲ್ಲಿ ಶೇ 1ರ ಆಸುಪಾಸು. ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟರೆ 304, 202, ಜೆ-4 ಮೂರೂ ಒಂದೇ ರೀತಿ ಥಳಥಳಿಸುತ್ತವೆ. ವ್ಯತ್ಯಾಸ ಕಾಣುವುದು ಒಂದೆರಡು ಮಳೆಗಾಲ ಕಳೆದ ಮೇಲೆ, ಉಪ್ಪುನೀರು ನಿಂತ ಬುಡದಲ್ಲಿ.

ಗಿರಾಕಿಗಳು ಜೇಬಿನಿಂದ ಅಯಸ್ಕಾಂತ ತೆಗೆದು ಪರೀಕ್ಷಿಸುವುದುಂಟು. ಅಂಟದಿದ್ದರೆ ಒಳ್ಳೆಯ ಸ್ಟೀಲೆಂಬ ನಂಬಿಕೆ. ಅಯಸ್ಕಾಂತ ಇನ್ನೊಂದು ಬಗೆಯ ಸ್ಟೇನ್‌ಲೆಸ್ ಸ್ಟೀಲಾದ 430 ಗ್ರೇಡನ್ನು ಹಿಡಿದುಕೊಡಬಲ್ಲದು, ಏಕೆಂದರೆ ಅದಕ್ಕೆ ಅಂಟುತ್ತದೆ. 304ಕ್ಕೂ ಅಂಟದು, 202ಕ್ಕೂ ಅಂಟದು, ಜೆ-4ಕ್ಕೂ ಅಂಟದು. ಅಪ್ಪಟ 304 ಶೀಟನ್ನು ಬಗ್ಗಿಸಿದ ಮೂಲೆಯಲ್ಲಿ ಮಾತ್ರ ಅಯಸ್ಕಾಂತ ಸ್ವಲ್ಪ ಎಳೆದಂತಾಗುತ್ತದೆ. ಅದು ಕಲಬೆರಕೆಯಲ್ಲ, ಬಗ್ಗಿಸುವಾಗ ಲೋಹದ ಒಳರಚನೆ ಬದಲಾದದ್ದರ ಗುರುತು. ಗ್ರೇಡನ್ನು ಖಚಿತಪಡಿಸಿಕೊಳ್ಳಲು ರಾಸಾಯನಿಕ ಹನಿಯ ಪರೀಕ್ಷೆ ಅಥವಾ ಲೋಹ ವಿಶ್ಲೇಷಣೆಯ ಯಂತ್ರ ಬೇಕು. ಅದಾಗದಿದ್ದರೆ ಬಿಲ್ಲಿನ ಮೇಲೆ ಗ್ರೇಡು ಬರೆಸಿಕೊಳ್ಳುವುದಾದರೂ ಆಗಬೇಕು. ಒಣ ಜಾಗದಲ್ಲಿ ನಿಲ್ಲುವ ಪಿಜ್ಜಾ ಓವನ್ನಿನ ಸ್ಟ್ಯಾಂಡಿಗೆ 202 ಸಾಕಾಗಬಹುದು. ಹಬೆಯ ನೀರು ಸುರಿಯುವ, ದಿನಾ ನೆಲ ತೊಳೆಯುವ ಕಡೆ 304ರ ಹಣ ಉಳಿಸಲು ಹೋಗಬಾರದು.

ಭಾರಕ್ಕಿಂತ ಅಲುಗಾಟ

‘ಎಷ್ಟು ತೂಕ ತಡೆಯುತ್ತೆ?’ ಎಂಬುದು ಸ್ಟ್ಯಾಂಡ್ ಮಾಡಿಸುವವರ ಮೊದಲ ಪ್ರಶ್ನೆ. ಆರು ಟ್ರೇಯ ಕಾಂಬಿ ಓವನ್ ನೂರು ಕಿಲೋದ ಆಚೀಚೆ ತೂಗುತ್ತದೆ. ಒಂದೂವರೆ ಇಂಚಿನ, 1.2 ಮಿ.ಮೀ. ದಪ್ಪದ ಚೌಕ ಪೈಪಿನ ಕಾಲು, ಕಾಗದದ ಲೆಕ್ಕದಲ್ಲಿ, ಒಂದೊಂದೇ ಟನ್‌ಗಟ್ಟಲೆ ಭಾರ ಹೊರಬಲ್ಲದು. ನೇರ ಕೆಳಗೊತ್ತುವ ಭಾರಕ್ಕೆ ಸ್ಟ್ಯಾಂಡ್ ಕುಸಿದದ್ದು ತೀರ ಅಪರೂಪ.

ಸ್ಟ್ಯಾಂಡ್ ಸೋಲುವುದು ಪಕ್ಕಕ್ಕೆ. ಬಾಗಿಲು ಎಳೆದಾಗ, ಟ್ರೇ ಸಿಕ್ಕಿಕೊಂಡು ಜಗ್ಗಿದಾಗ, ಟ್ರಾಲಿ ಡಿಕ್ಕಿ ಹೊಡೆದಾಗ ಬಲ ಅಡ್ಡಡ್ಡಲಾಗಿ ಬರುತ್ತದೆ. ಕೆಳಕ್ಕೆ ತೆರೆದುಕೊಳ್ಳುವ ಬಾಗಿಲಿನ ಮೇಲೆ ತುಂಬಿದ ಟ್ರೇ ಊರಿದರೆ ಇಡೀ ಓವನ್ ಮುಂದಕ್ಕೆ ವಾಲಲು ನೋಡುತ್ತದೆ. ನಾಲ್ಕು ಕಾಲುಗಳನ್ನು ಮೇಲಿನ ಚೌಕಟ್ಟಿಗೆ ಮಾತ್ರ ಬೆಸೆದು ಕೆಳಗೆ ಬಿಡುಬೀಸಾಗಿ ಬಿಟ್ಟರೆ ಪ್ರತಿ ಜಗ್ಗಾಟವೂ ಮೇಲಿನ ಬೆಸುಗೆಯನ್ನು ತಿರುಚುತ್ತದೆ. ಅದಕ್ಕೇ ಕೆಳಗೊಂದು ಅಡ್ಡಪಟ್ಟಿಯ ಸುತ್ತು, ಇಲ್ಲವೇ ಕಾಲುಗಳಿಗೆ ಬೆಸೆದ ಕೆಳಹಲಗೆ ಇರಲೇಬೇಕು. ಟ್ರೇ ಇಡಲು ಅನುಕೂಲವೆಂದು ಮಾಡಿಸುವ ಆ ಕೆಳಹಲಗೆ ನಿಜಕ್ಕೂ ಸ್ಟ್ಯಾಂಡಿನ ಬೆನ್ನೆಲುಬು. ಒಳಗೆ ಟ್ರೇ ಗೈಡ್ ಕೂರಿಸಿದರೆ ಬಿಗಿ ಇನ್ನೂ ಹೆಚ್ಚುತ್ತದೆ.

ಇನ್ನೊಂದು ಮಾತು ಓವನ್ನಿನ ಪಾದಗಳದ್ದು. ಅದರ ನಾಲ್ಕು ಪುಟ್ಟ ಪಾದಗಳು ಸ್ಟ್ಯಾಂಡಿನ ಪೈಪಿನ ಮೇಲೆ ಕೂರಬೇಕು. ಪೈಪು ಬಿಟ್ಟು ಬರೀ ಶೀಟಿನ ಮೇಲೆ ಕೂತರೆ ಶೀಟು ತಗ್ಗು ಬೀಳುತ್ತದೆ. ಗೇಜಿನ ಸಂಖ್ಯೆ ದೊಡ್ಡದಾದಷ್ಟೂ ಶೀಟು ತೆಳು ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ: 16 ಗೇಜು 1.6 ಮಿ.ಮೀ., 18 ಗೇಜು 1.2 ಮಿ.ಮೀ., 20 ಗೇಜು 0.9 ಮಿ.ಮೀ. ಓವನ್ನಿನ ಮಾದರಿ ತಿಳಿಸಿ, ಪಾದಗಳ ನಡುವಿನ ಅಂತರವನ್ನು ಕಂಪನಿಯ ನಕ್ಷೆಯಿಂದಲೇ ಶೆಡ್ಡಿಗೆ ಕೊಡುವುದು ಸರಿಯಾದ ಕ್ರಮ.

ಬೆಸುಗೆಯವರ ಕೈ

ಬೆಂಗಳೂರಿನ ಪೀಣ್ಯ, ಕಾಮಾಕ್ಷಿಪಾಳ್ಯ, ಲಗ್ಗೆರೆಯಂಥ ಕಡೆಯ ಸಣ್ಣ ಶೆಡ್ಡುಗಳಲ್ಲಿ ಈ ಕೆಲಸ ಮಾಡುವವರ ಜಾಣ್ಮೆಗೆ ನಾವು ಕೊಡುವ ಗೌರವ ಸಾಲದು. ಸ್ಟೇನ್‌ಲೆಸ್ ಸ್ಟೀಲನ್ನು ಬೆಸೆಯುವುದು ಕಬ್ಬಿಣವನ್ನು ಬೆಸೆದಷ್ಟು ಸುಲಭವಲ್ಲ. 304 ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಆದರೆ ಬಿಸಿಯನ್ನು ಆಚೆಗೆ ಹರಡುವ ಶಕ್ತಿ ಅದಕ್ಕೆ ಕಬ್ಬಿಣದ ಮೂರನೇ ಒಂದು ಪಾಲಷ್ಟೇ. ಬಿಸಿಯೆಲ್ಲ ಬೆಸುಗೆಯ ಜಾಗದಲ್ಲೇ ನಿಂತು ಅಲ್ಲಿ ಹಿಗ್ಗಿ, ಆರುವಾಗ ಕುಗ್ಗಿ ಚೌಕಟ್ಟನ್ನು ಸೊಟ್ಟ ಮಾಡುತ್ತದೆ. ಪಳಗಿದವರು ಮೊದಲು ನಾಲ್ಕೂ ಮೂಲೆಗೆ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿ, ಕರ್ಣಗಳನ್ನು ಟೇಪಿನಲ್ಲಿ ಅಳೆದು ಸರಿನೋಡಿ, ಆಮೇಲೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬೆಸೆಯುತ್ತಾ ಹೋಗುತ್ತಾರೆ. ಕಾಲು ಅಲ್ಲಾಡದ ಸ್ಟ್ಯಾಂಡಿನ ಹಿಂದಿರುವುದು ಈ ತಾಳ್ಮೆ.

ಆರ್ಗಾನ್ ವೆಲ್ಡಿಂಗ್ ಮಾಡುವುದು ಕಾದ ಲೋಹಕ್ಕೆ ಗಾಳಿ ತಾಗದಿರಲಿ ಎಂದು. ಆದರೂ ಬೆಸುಗೆಯ ಅಕ್ಕಪಕ್ಕ ನೀಲಿ–ಕಂದು ಬಣ್ಣ ಉಳಿಯುತ್ತದೆ. ಅದರ ಅಡಿಯಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ, ಕಾಯುವ ಪೊರೆ ದುರ್ಬಲವಾಗಿರುತ್ತದೆ. ಉಕ್ಕು 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಹೊತ್ತು ನಿಂತರೆ ಒಳಗಿನ ಇಂಗಾಲ ಕ್ರೋಮಿಯಂ ಅನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಬೆಸುಗೆಯ ಪಕ್ಕದಲ್ಲಿ ಹೀಗಾದ ಗೆರೆಯ ಉದ್ದಕ್ಕೂ ತುಕ್ಕು ಹತ್ತುತ್ತದೆ. ಹೊಸ ಸ್ಟ್ಯಾಂಡಿನ ಮೂಲೆಯಲ್ಲೇ ಮೊದಲು ಕೆಂಪು ಕಾಣಿಸಿಕೊಳ್ಳುವುದಕ್ಕೆ ಇದು ಮುಖ್ಯ ಕಾರಣ. ಬೆಸುಗೆಯನ್ನು ಗ್ರೈಂಡ್ ಮಾಡಿ, ಬಣ್ಣ ಹೋಗುವಂತೆ ಬಫ್ ಮಾಡಿ ಇಲ್ಲವೇ ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೊಳೆದರಷ್ಟೇ ಕೆಲಸ ಪೂರ್ತಿಯಾದಂತೆ. ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಚಕ್ರವನ್ನೇ ಸ್ಟೇನ್‌ಲೆಸ್ಸಿಗೂ ಬಳಸಿದರೆ ಕಬ್ಬಿಣದ ಕಣಗಳು ಮೈಗಂಟಿ ಅವೇ ತುಕ್ಕಾಗುತ್ತವೆ. ಒಳ್ಳೆಯ ಶೆಡ್ಡುಗಳಲ್ಲಿ ಎರಡಕ್ಕೂ ಬೇರೆ ಬೇರೆ ಚಕ್ರ ಇಟ್ಟಿರುತ್ತಾರೆ.

ಶೆಡ್ಡಿನವರು ಚೆನ್ನಾಗಿ ಮಾಡಿಕೊಟ್ಟದ್ದನ್ನು ಅಡುಗೆಮನೆಯಲ್ಲಿ ನಾವೇ ಕೆಡಿಸುವುದೂ ಇದೆ. ಬ್ಲೀಚಿಂಗ್ ಪೌಡರು, ಉಪ್ಪು, ಆಸಿಡ್ ಇವುಗಳಲ್ಲಿನ ಕ್ಲೋರೈಡು ಆ ಪೊರೆಯನ್ನು ಚುಚ್ಚಿ ಸೂಜಿಮೊನೆಯಷ್ಟು ಗುಳಿ ಮಾಡುತ್ತದೆ. ಕಬ್ಬಿಣದ ನಾರಿನಿಂದ ಉಜ್ಜಿದರೆ ಅದರ ಚೂರುಗಳು ಗೀರುಗಳಲ್ಲಿ ಕೂರುತ್ತವೆ. ಸೋಪಿನ ನೀರು, ಮೆತ್ತನೆಯ ಸ್ಕ್ರಬ್ಬರು, ಕೊನೆಗೆ ಒಣಬಟ್ಟೆ. ಸ್ಟ್ಯಾಂಡ್ ಕೇಳುವುದು ಇಷ್ಟೇ.

ಮೊಣಕೈಯ ಲೆಕ್ಕ

ಈಗ ಎಲ್ಲಕ್ಕಿಂತ ಮುಖ್ಯವಾದ ಎತ್ತರಕ್ಕೆ ಬರೋಣ. ಬೇಕರಿಯೊಂದರಲ್ಲಿ ಗಂಟೆಗೆ ಇಪ್ಪತ್ತು ಟ್ರೇ ಓಡುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಟ್ರೇಯನ್ನು ಒಮ್ಮೆ ಒಳಗಿಡಬೇಕು, ನಡುವೆ ಒಮ್ಮೆ ತಿರುಗಿಸಬೇಕು, ಕೊನೆಗೆ ಹೊರಗೆಳೆಯಬೇಕು. ಅಂದರೆ ಗಂಟೆಗೆ 60 ಬಾರಿ, ಎಂಟು ಗಂಟೆಗೆ 480 ಬಾರಿ ಒಂದೇ ಚಲನೆ. ಸ್ಟ್ಯಾಂಡ್ ತಗ್ಗಿದ್ದರೆ ಅಷ್ಟೂ ಬಾರಿ ಸೊಂಟ ಬಾಗಬೇಕು, ಎತ್ತರವಿದ್ದರೆ ಅಷ್ಟೂ ಬಾರಿ ಭುಜ ಏರಬೇಕು.

ಕೈ ಸುಡುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಓವನ್ನಿನ ಬಾಯಿ ತಗ್ಗಿದ್ದರೆ ಕೈ ಮೇಲಿಂದ ಇಳಿಜಾರಾಗಿ ಒಳಹೋಗುತ್ತದೆ, ಮುಂಗೈಯ ಮೇಲ್ಭಾಗ ಬಾಯಿಯ ಮೇಲಂಚಿಗೆ ತಾಗುತ್ತದೆ. ಬಾಯಿ ಎತ್ತರದಲ್ಲಿದ್ದರೆ ಕೈ ಕೆಳಗಿಂದ ಏರುತ್ತದೆ, ಮುಂಗೈಯ ಅಡಿಭಾಗ ಕೆಳಂಚಿಗೆ ತಾಗುತ್ತದೆ. ಎರಡೂ ಅಂಚು ಇನ್ನೂರು ಡಿಗ್ರಿಯ ಹತ್ತಿರ ಕಾದಿರುತ್ತವೆ. ಬೇಕರಿ ಕೆಲಸದವರ ಮುಂಗೈ ಮೇಲಿನ ಅಡ್ಡ ಗೆರೆಗಳನ್ನು ನಾವು ಕಸುಬಿನ ಗುರುತೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಅವುಗಳಲ್ಲಿ ಅನೇಕವನ್ನು ತಪ್ಪು ಎತ್ತರ ಬರೆದಿರುತ್ತದೆ.

ಲೆಕ್ಕ ಸರಳ. ನಿಂತ ಮನುಷ್ಯನ ಮೊಣಕೈ ನೆಲದಿಂದ ಅವನ ಎತ್ತರದ ಸುಮಾರು ಶೇ 63ರಲ್ಲಿರುತ್ತದೆ. 165 ಸೆಂ.ಮೀ. ಎತ್ತರದ ಗಂಡಸಿಗೆ ಅದು 104 ಸೆಂ.ಮೀ., 152 ಸೆಂ.ಮೀ. ಎತ್ತರದ ಹೆಂಗಸಿಗೆ 96. ಕೈಯಲ್ಲಿ ಭಾರವಿದ್ದಾಗ ಮೊಣಕೈಗಿಂತ ತುಸು ಕೆಳಗಿನ ಮಟ್ಟ ಹಿತ. ಒಂದೇ ಡೆಕ್ಕಿನ ಓವನ್ನಿನಲ್ಲಿ ಟ್ರೇ ಕೂರುವ ಮಟ್ಟ ಓವನ್ನಿನ ತಳದಿಂದ 30 ಸೆಂ.ಮೀ. ಮೇಲಿದ್ದರೆ ಸ್ಟ್ಯಾಂಡು 65ರಿಂದ 70 ಸೆಂ.ಮೀ. ಇರಲಿ. ಎರಡು ಡೆಕ್ಕಿನದಾದರೆ ಅದೇ ಸ್ಟ್ಯಾಂಡಿನ ಮೇಲೆ ಮೇಲಿನ ಡೆಕ್ಕು ಮುಖದ ಮಟ್ಟಕ್ಕೆ ಹೋಗುತ್ತದೆ; ಸ್ಟ್ಯಾಂಡನ್ನು 40ಕ್ಕೆ ಇಳಿಸಿ, ಕೆಳ ಡೆಕ್ಕು ಮೊಣಕಾಲಿಗಿಂತ ಮೇಲೆ, ಮೇಲಿನದು ಭುಜಕ್ಕಿಂತ ಕೆಳಗೆ ಬರುವಂತೆ ನೋಡಿಕೊಳ್ಳಬೇಕು. ಎರಡಕ್ಕೂ ಒಂದೇ ಮಾಮೂಲಿ ಎತ್ತರ ಹೊಂದುವುದು ಸಾಧ್ಯವೇ ಇಲ್ಲ.

ಕಾಂಬಿ ಓವನ್ನಿನ ವಿಷಯದಲ್ಲಿ ಇದು ಬರೀ ಆಯಾಸದ ಮಾತಲ್ಲ, ಅಪಾಯದ ಮಾತು. ಯುರೋಪಿನ ತಯಾರಕರು 1.6 ಮೀಟರ್ ಎತ್ತರಕ್ಕೆ ಒಂದು ಎಚ್ಚರಿಕೆಯ ಚೀಟಿ ಅಂಟಿಸಲು ಕೊಡುತ್ತಾರೆ: ಅದಕ್ಕಿಂತ ಮೇಲಿನ ಹಂತದಲ್ಲಿ ದ್ರವ ತುಂಬಿದ ಅಥವಾ ಬೇಯುವಾಗ ದ್ರವ ಬಿಡುವ ಪದಾರ್ಥದ ಟ್ರೇ ಇಡಬಾರದು. ಕಾರಣ ಸ್ಪಷ್ಟ: ಒಳಗೇನಿದೆಯೆಂದು ಕಣ್ಣಿಗೆ ಕಾಣದೆ ಎಳೆದರೆ ಕುದಿಯುವ ಸಾರು ಮುಖದ ಮೇಲೆ ಸುರಿಯುತ್ತದೆ. ಆದರೆ 1.6 ಮೀಟರ್ ಎಂಬುದು ಆ ದೇಶಗಳ ಎತ್ತರದ ಜನರ ಕಣ್ಣಿನ ಮಟ್ಟಕ್ಕೆ ಹೊಂದುವ ಗೆರೆ. 165 ಸೆಂ.ಮೀ. ಎತ್ತರದವರ ಕಣ್ಣು 154ರ ಹತ್ತಿರ, 152 ಸೆಂ.ಮೀ. ಎತ್ತರದವರ ಕಣ್ಣು 142ರ ಹತ್ತಿರ ಇರುತ್ತದೆ. ನಮ್ಮ ಅನೇಕ ಹೆಣ್ಣುಮಕ್ಕಳಿಗೆ ಆ ಚೀಟಿ ನೆತ್ತಿಗಿಂತಲೂ ಮೇಲೆ! ಒಂದು ಮೀಟರ್ ಎತ್ತರದ ಹತ್ತು ಟ್ರೇ ಓವನ್ನನ್ನು 70 ಸೆಂ.ಮೀ. ಸ್ಟ್ಯಾಂಡಿನ ಮೇಲಿಟ್ಟರೆ ಮೇಲಿನ ಟ್ರೇ 160ನ್ನು ಮುಟ್ಟುತ್ತದೆ. ಹಾಗಾಗಿ ನಮ್ಮ ಅಡುಗೆಮನೆಗಳಲ್ಲಿ ಆ ಗೆರೆಯನ್ನು 1.4 ಮೀಟರ್‌ಗೆ ಇಳಿಸಿಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಸ್ಟ್ಯಾಂಡನ್ನು ತಗ್ಗಿಸಿ, ತಗ್ಗಿಸಲಾಗದಿದ್ದರೆ ಸಾರು–ಸಾಗು ಕೆಳಗಿನ ಹಂತಗಳಿಗೆ, ಬ್ರೆಡ್ಡು–ಬಿಸ್ಕತ್ತಿನಂಥ ಒಣ ಪದಾರ್ಥ ಮೇಲಿನ ಹಂತಗಳಿಗೆ ಎಂಬ ನಿಯಮ ಮಾಡಿ.

ನೆಲ, ನೀರು, ಗ್ಯಾಸು

ಅಡುಗೆಮನೆಯ ನೆಲ ಸಮತಟ್ಟಾಗಿರುವುದಿಲ್ಲ, ಇರಲೂಬಾರದು. ತೊಳೆದ ನೀರು ಮೋರಿಗೆ ಹರಿಯಲು ಇಳಿಜಾರು ಬೇಕು. ಆದರೆ ಓವನ್ ಮಟ್ಟವಾಗಿ ನಿಲ್ಲಬೇಕು. ವಾಲಿದ ಡೆಕ್ಕಿನಲ್ಲಿ ಕೇಕಿನ ಹಿಟ್ಟು ಒಂದು ಬದಿಗೆ ಸರಿದು ಅಲ್ಲೇ ಉಬ್ಬುತ್ತದೆ. ವಾಲಿದ ಕಾಂಬಿ ಓವನ್ನಿನಲ್ಲಿ ನೀರು ಸರಿಯಾಗಿ ಬಸಿಯುವುದಿಲ್ಲ. ಕಾಲಿನ ತುದಿಯಲ್ಲಿ ತಿರುಪಿ ಏರಿಸಿ ಇಳಿಸಬಹುದಾದ ಬುಲೆಟ್ ಫೀಟ್ ಹಾಕುವುದು ಇದಕ್ಕಾಗಿ. ಅದು ಪೈಪಿನ ತೆರೆದ ತುದಿಯನ್ನೂ ಮುಚ್ಚುತ್ತದೆ. ಮುಚ್ಚದ ಪೈಪಿನೊಳಗೆ ನೀರು ನಿಂತು ಒಳಗಿನಿಂದ ಕೊರೆಯುತ್ತದೆ, ಜಿರಲೆಗೂ ಅದೇ ಮನೆಯಾಗುತ್ತದೆ.

ನೆಲಕ್ಕೂ ಕೆಳಹಲಗೆಗೂ ನಡುವೆ ಪೊರಕೆ, ಮಾಪು ಸಲೀಸಾಗಿ ಹೋಗುವಷ್ಟು ಜಾಗ ಬೇಕು. ಅಮೆರಿಕದ ಫುಡ್ ಕೋಡ್ ನೆಲದ ಮೇಲೆ ನಿಲ್ಲಿಸುವ ಸಲಕರಣೆಗೆ ಕನಿಷ್ಠ 6 ಇಂಚು ಎನ್ನುತ್ತದೆ. ನಮ್ಮ ಎಫ್‌ಎಸ್‌ಎಸ್‌ಎಐ ಪರವಾನಗಿ ನಿಯಮಗಳ ನಾಲ್ಕನೇ ಷೆಡ್ಯೂಲ್ ಕೂಡ ಸಲಕರಣೆಗಳು ತುಕ್ಕು ಹಿಡಿಯದ, ಸುಲಭವಾಗಿ ಶುಚಿ ಮಾಡಬಲ್ಲ ವಸ್ತುವಿನವಾಗಿರಬೇಕೆಂದು ಹೇಳುತ್ತದೆ. ಆರಿಂಚು ಬಿಟ್ಟರೆ ನೊಣ, ಇಲಿ, ಜಿರಲೆಗೆ ಅಡಗುವ ಜಾಗ ತಪ್ಪುತ್ತದೆ.

ಶುಚಿ ಮಾಡಲು ಸರಿಸುವಂತಿರಲಿ ಎಂದು ಚಕ್ರ ಹಾಕಿಸುವವರು ಮುಂದಿನ ಎರಡು ಚಕ್ರಗಳಿಗಾದರೂ ಬ್ರೇಕ್ ಇರುವಂತೆ ನೋಡಿಕೊಳ್ಳಬೇಕು. ಗ್ಯಾಸ್ ಓವನ್ ಆದರೆ ಬಾಗುವ ಹೋಸು, ಜತೆಗೆ ಹೋಸಿನ ಉದ್ದಕ್ಕಿಂತ ಚಿಕ್ಕದಾದ ಸರಪಳಿಯಿಂದ ಗೋಡೆಗೆ ಬಿಗಿತ ಕಡ್ಡಾಯ. ಇಲ್ಲದಿದ್ದರೆ ಯಾರೋ ಜೋರಾಗಿ ತಳ್ಳಿದ ದಿನ ಎಳೆತ ಬೀಳುವುದು ಗ್ಯಾಸಿನ ಕೊಳವೆಯ ಮೇಲೆ. ಇನ್ನು ಓವನ್ನಿನ ಕೆಳಗಿನ ಖಾಲಿ ಜಾಗ. ಟ್ರೇ, ಅಚ್ಚು ಇಡಲು ಅದು ಒಳ್ಳೆಯದೇ. ಅಲ್ಲಿ ಎಣ್ಣೆ ಡಬ್ಬ, ಮೈದಾ ಮೂಟೆ ಇಡಬಾರದು. ಸಿಲಿಂಡರನ್ನಂತೂ ಯಾವ ಕಾರಣಕ್ಕೂ ಇಡಬಾರದು. ಜಾಗದ ಅಭಾವ ಎಷ್ಟೇ ಇರಲಿ, ಈ ಒಂದು ಮಾತಿನಲ್ಲಿ ರಾಜಿ ಸಲ್ಲ.

ಆರ್ಡರ್ ಕೊಡುವ ಮುನ್ನ

ಹೋಟೆಲ್, ಬೇಕರಿ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು. ಸ್ಟ್ಯಾಂಡಿನ ಆರ್ಡರನ್ನು ಫೋನಿನಲ್ಲಿ ಮುಗಿಸಬೇಡಿ, ಕಾಗದದಲ್ಲಿ ಬರೆಯಿರಿ: ಉಕ್ಕಿನ ಗ್ರೇಡು, ಪೈಪಿನ ಅಳತೆ ಮತ್ತು ದಪ್ಪ, ಕೆಳಹಲಗೆ, ಏರಿಸಿ ಇಳಿಸುವ ಪಾದ, ಉಜ್ಜಿ ಶುಚಿ ಮಾಡಿದ ಬೆಸುಗೆ. ಎತ್ತರದ ಸಾಲನ್ನು ಮಾತ್ರ ಖಾಲಿ ಬಿಟ್ಟು, ಓವನ್ ಮುಂದೆ ನಿಲ್ಲುವವರನ್ನು ಕರೆಯಿರಿ. ಖಾಲಿ ಟ್ರೇ ಕೈಗೆ ಕೊಟ್ಟು, ಯಾವ ಮಟ್ಟದಲ್ಲಿ ಹಿಡಿದರೆ ಆರಾಮ ಎಂದು ಕೇಳಿ ಅಳೆಯಿರಿ. ಎರಡು ಪಾಳಿಯಲ್ಲಿ ಎತ್ತರದವರೂ ಗಿಡ್ಡವರೂ ಇದ್ದರೆ ಗಿಡ್ಡವರ ಅಳತೆಗೆ ಹೆಚ್ಚು ಮನ್ನಣೆ ಇರಲಿ. ಮೇಲಿನ ಟ್ರೇಯ ಅಪಾಯ ಅವರಿಗೇ ಹೆಚ್ಚು.

ಶೆಡ್ಡಿನವರೂ ‘ಎತ್ತರ ಎಷ್ಟಿಡ್ಲಿ’ ಎಂದು ಕೇಳುವ ಜಾಗದಲ್ಲಿ ‘ಕೆಲಸ ಮಾಡೋರು ಎಷ್ಟೆತ್ತರ ಇದ್ದಾರೆ’ ಎಂದು ಕೇಳುವ ರೂಢಿ ಮಾಡಿಕೊಳ್ಳಲಿ. ಪೈಪನ್ನು ಐದು ಸೆಂಟಿಮೀಟರ್ ಮೇಲೆ ಕತ್ತರಿಸಿದರೂ ಕೆಳಗೆ ಕತ್ತರಿಸಿದರೂ ಅವರ ಕೂಲಿ ಅಷ್ಟೇ, ಮಾಲೀಕರ ಬಿಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಡುಗೆಮನೆಯಲ್ಲಿ ಇಷ್ಟು ಅಗ್ಗವಾಗಿ ಸಿಗುವ ಸುರಕ್ಷತೆ ಇನ್ನೊಂದಿಲ್ಲ. ಈಗಾಗಲೇ ತಪ್ಪು ಎತ್ತರದ ಸ್ಟ್ಯಾಂಡಿನ ಮುಂದೆ ದುಡಿಯುತ್ತಿರುವವರು ಅದನ್ನು ಬದಲಿಸಿಕೊಡಿ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಅದು ಸೌಕರ್ಯದ ಬೇಡಿಕೆಯಲ್ಲ, ಕೆಲಸಕ್ಕೆ ತಕ್ಕ ಸಲಕರಣೆ ಕೇಳುವ ಹಕ್ಕು.